ದಡದಲ್ಲಿ ಎತ್ತಿದ ಫೋನ್

ಬಂದರು ಠಾಣೆಗೆ ಬರುವ ದೂರುಗಳಲ್ಲಿ ಮುಕ್ಕಾಲು ಪಾಲು ಬಲೆ ಕಳೆದುಕೊಂಡವರದ್ದು, ಉಳಿದ ಕಾಲು ಪಾಲು ಕುಡಿದು ಹೊಡೆದಾಡಿಕೊಂಡವರದ್ದು. ಹಾಗಾಗಿ ಹದಿನಾಲ್ಕನೇ ತಾರೀಕು ಬೆಳಿಗ್ಗೆ ಹತ್ತು ಗಂಟೆಗೆ ಒಬ್ಬ ಹೆಂಗಸು ಒಳಗೆ ಬಂದು, ಕುರ್ಚಿ ತೋರಿಸಿದರೂ ಕೂರದೆ, "ನನ್ನ ಗಂಡ ಗುಂಡಿ ಒತ್ತಿದ್ದ. ಆದರೂ ಯಾಕೆ ಯಾರೂ ಹೊತ್ತಿಗೆ ಬರಲಿಲ್ಲ ಅಂತ ಬರ್ಕೊಳ್ಳಿ ಸಾರ್" ಎಂದಾಗ, ಈ ದೂರನ್ನು ಯಾವ ಕಲಮಿನ ಕೆಳಗೆ ತುರುಕಬೇಕೆಂದು ಇನ್‌ಸ್ಪೆಕ್ಟರಿಗೆ ಹೊಳೆಯಲಿಲ್ಲ.

ಇನ್‌ಸ್ಪೆಕ್ಟರು ಈ ಊರಿಗೆ ವರ್ಗವಾಗಿ ಬಂದು ಎರಡು ವರ್ಷ. ಕಡಲಂಚಿನ ಠಾಣೆಯ ಅಧಿಕಾರಿಯಾಗಿದ್ದರೂ ದೋಣಿ ಕಟ್ಟುವ ಧಕ್ಕೆಯ ಮೇಲೆ ನಿಂತರೆ ತಲೆ ಸುತ್ತುತ್ತಿತ್ತು. ಇದು ಠಾಣೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಗುಟ್ಟು. ನೀರಿನ ಕೇಸು ಬಂದರೆ ಸಾಧ್ಯವಾದಷ್ಟೂ ಕುರ್ಚಿಯಲ್ಲೇ ಕುಳಿತು ಮುಗಿಸುವ ಮನುಷ್ಯ. ಈ ಕೇಸನ್ನೂ ಹಾಗೆಯೇ ಮುಗಿಸಿದ್ದರು. ಈ ಹೆಂಗಸಿನ ಗಂಡ ನಾಲ್ಕು ದಿನದ ಹಿಂದೆ ಮೀನು ದೋಣಿಯಿಂದ ಬಿದ್ದು ಸತ್ತವನು. ಕೆಲಸಕ್ಕೆ ಸೇರಿ ಎರಡು ತಿಂಗಳೂ ಆಗಿರಲಿಲ್ಲ. ದೋಣಿಯವರೆಲ್ಲ ಅವನನ್ನು ಹೊಸಬ ಎಂದೇ ಕರೆಯುತ್ತಿದ್ದರು. ಬೆಳಕು ಹರಿಯುವ ಹೊತ್ತಿಗೆ ದೋಣಿಯ ಹಿಂಬದಿಯಿಂದ ಜಾರಿದ್ದ, ಯಾರ ಕಣ್ಣಿಗೂ ಬೀಳಲಿಲ್ಲ, ಹೆಲಿಕಾಪ್ಟರ್ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು. ಅಸಹಜ ಸಾವು ಎಂದು ದಾಖಲಿಸಿ, ಹೆಣ ಮನೆಯವರಿಗೆ ಒಪ್ಪಿಸಿ ಕೈ ತೊಳೆದುಕೊಂಡಾಗಿತ್ತು.

"ನೋಡಮ್ಮ, ನಿನ್ನ ಸಂಕಟ ಅರ್ಥ ಆಗುತ್ತೆ. ಆದರೆ ಸಮುದ್ರದ ಮೇಲೆ ಎಫ್‌ಐಆರ್ ಹಾಕೋಕಾಗಲ್ಲ."

"ಸಮುದ್ರದ ಮೇಲೆ ಹಾಕಿ ಅಂತ ನಾನು ಹೇಳಿದ್ನಾ?"

ಪಕ್ಕದಲ್ಲಿ ನಿಂತಿದ್ದ ಕಾನ್‌ಸ್ಟೇಬಲ್ ಕೆಮ್ಮಿದ. ಬಾಗಿಲು ದಾಟುವಾಗಲೆಲ್ಲ ತಲೆ ತಗ್ಗಿಸಬೇಕಾದಷ್ಟು ಎತ್ತರ ಇದ್ದುದರಿಂದ ಅವನಿಗೆ ಉದ್ದಣ್ಣ ಎಂದೇ ಹೆಸರು. ಇದೇ ಬಂದರಿನಲ್ಲಿ ಹುಟ್ಟಿ ಬೆಳೆದವನು. ನಗು ಬಂದರೆ ಕೆಮ್ಮುವುದು ಅವನ ಅಭ್ಯಾಸ.

ಹೆಂಗಸು ಬೇಕರಿಯಲ್ಲಿ ಕೆಲಸ ಮಾಡುವವಳು, ಕೆಲಸದ ನಡುವೆಯೇ ಎದ್ದು ಬಂದಿದ್ದಳು. ಮೊಣಕೈವರೆಗೂ ಹಿಟ್ಟು ಮೆತ್ತಿತ್ತು. ಆ ಹಿಟ್ಟಿನ ಕೈಯನ್ನೇ ಎತ್ತಿ ತೋರಿಸಿ, ಗಂಡ ತನಗೆ ಕಲಿಸಿದ್ದನ್ನು ಪಾಠ ಒಪ್ಪಿಸುವ ಹಾಗೆ ಹೇಳಿದಳು. ದೋಣಿಯವರು ಹಳದಿ ಡಬ್ಬಿ ಎನ್ನುತ್ತಾರೆ, ಸರ್ಕಾರದವರು ಲೊಕೇಟರ್ ಬೀಕನ್ ಎನ್ನುತ್ತಾರೆ. ಅಂಗೈಯಗಲದ ಪೆಟ್ಟಿಗೆ. ನೀರಿಗೆ ಬಿದ್ದರೆ ಮೊದಲು ಮಡಚಿದ ಕಡ್ಡಿಯನ್ನು ಬಿಚ್ಚಿ ನೆಟ್ಟಗೆ ಮಾಡಬೇಕು, ಆಮೇಲೆ ಗುಂಡಿ ಒತ್ತಿ ಹಿಡಿಯಬೇಕು. ಕಡ್ಡಿ ನೀರಿನಲ್ಲಿ ಮುಳುಗಕೂಡದು, ಆಕಾಶಕ್ಕೆ ಕಾಣುವಂತೆ ಕೈ ಎತ್ತಿಯೇ ಇರಬೇಕು. ಮೇಲಿನ ಉಪಗ್ರಹಕ್ಕೆ ಅದರ ಕೂಗು ಕೇಳುತ್ತದೆ. ಉಪಗ್ರಹ ರಕ್ಷಣಾ ಕೇಂದ್ರಕ್ಕೆ ಹೇಳುತ್ತದೆ: ಇಂಥ ನಂಬರಿನ ಡಬ್ಬಿ, ಇಂಥ ಜಾಗದಲ್ಲಿ. ಕೇಂದ್ರದವರು ಹೆಲಿಕಾಪ್ಟರ್ ಕಳಿಸುತ್ತಾರೆ.

"ಅವನು ಮನೇಲಿ ಬಾತ್‌ರೂಮಿನ ಬಕೆಟ್ಟು ಇಟ್ಕೊಂಡು ಅಭ್ಯಾಸ ಮಾಡ್ತಿದ್ದ ಸಾರ್. ಸೋಪಿನ ಡಬ್ಬಿ ಕೈಯಲ್ಲಿ ಹಿಡ್ಕೊಂಡು, ಕಣ್ಣು ಮುಚ್ಕೊಂಡು. ನಾನು ನಕ್ಕಿದ್ದೆ." ಅವಳು ಎತ್ತಿದ ಕೈ ಇಳಿಸಿದಳು. "ಈಗ ಬಂದರಿನವರೆಲ್ಲ, ಪಾಪ ಹೊಸಬ, ಗುಂಡಿ ಒತ್ತೋಕೆ ಬರಲಿಲ್ಲ, ಗಾಬರೀಲಿ ತಡ ಮಾಡ್ಕೊಂಡ ಅಂತಾರೆ. ಮನೇಲಿ ನಮ್ಮ ಮಾವನೂ ಅದನ್ನೇ ಅಂತಾರೆ. ಗುಂಡಿ ಒತ್ತೋಕೂ ಬಾರದ ಮಗನ್ನ ಸಾಕಿದೆ ಅಂತ ಗೋಡೆ ಕಡೆ ತಿರುಗಿ ಮಲಗಿದಾರೆ, ಊಟ ಬಿಟ್ಟಿದಾರೆ. ಅವನು ಸರಿಯಾಗಿ ಒತ್ತಿದ್ನೋ ಇಲ್ವೋ, ಅಷ್ಟು ತಿಳ್ಕೊಂಡು ಹೇಳಿ. ನನಗೆ ಬೇರೇನೂ ಬೇಡ."

ಇನ್‌ಸ್ಪೆಕ್ಟರು ದೂರು ಬರೆಸಿಕೊಂಡರು. ಅವಳನ್ನು ಕಳಿಸಲು ಅದಕ್ಕಿಂತ ಹತ್ತಿರದ ದಾರಿ ಇರಲಿಲ್ಲ ಎಂಬುದೂ ನಿಜ.

ಅದೇ ದಿನ ಮಧ್ಯಾಹ್ನ ಆಸ್ಪತ್ರೆಯ ಉಗ್ರಾಣದಲ್ಲಿ ಮೃತನ ಲೈಫ್ ಜಾಕೆಟ್ಟನ್ನೂ ಬೀಕನ್ನನ್ನೂ ಇಬ್ಬರು ಪಂಚರ ಎದುರು ಮೇಜಿನ ಮೇಲೆ ಇಟ್ಟು ಪಂಚನಾಮೆ ಬರೆದರು. ಜಾಕೆಟ್ ಸರಿಯಾಗಿತ್ತು. ಬೀಕನ್ ಜಾಕೆಟ್ಟಿನ ಭುಜಕ್ಕೆ ದಾರದಿಂದ ಬಿಗಿದಿತ್ತು, ಗಂಟು ಪಳಗಿದ ಕೈಯದ್ದು. ಕಡ್ಡಿ ಪೂರ್ತಿ ಬಿಚ್ಚಿತ್ತು, ಗುಂಡಿಯ ಮೇಲಿನ ಮುಚ್ಚಳ ಮುರಿದಿತ್ತು. ಹಿಂಬದಿಯಲ್ಲಿ ಅಂಟಿಸಿದ್ದ ಚೀಟಿ ಓದಿದ ಉದ್ದಣ್ಣ ಹುಬ್ಬೇರಿಸಿದ.

"ಸಾರ್, ಇದು ಸತ್ತವನ ಡಬ್ಬಿ ಅಲ್ಲ. ದೋಣಿ ಯಜಮಾನರದ್ದು. ಅವರ ಹೆಸರಿದೆ."

ಶವಪರೀಕ್ಷೆ ಮಾಡಿದ ಡಾಕ್ಟರು ಕೈ ಒರೆಸಿಕೊಳ್ಳುತ್ತಲೇ ಮಾತಾಡಿದರು. ಮನುಷ್ಯ ಮುಳುಗಿ ಸತ್ತಿಲ್ಲ, ಬೀಳುವಾಗ ಆದ ಗಾಯದಿಂದ ರಕ್ತ ಸೋರಿ, ನೀರಿನ ಚಳಿಗೆ ಸತ್ತಿದ್ದಾನೆ. ಹೆಲಿಕಾಪ್ಟರಿನವರು ಎತ್ತುವ ಹೊತ್ತಿಗೆ ಜೀವ ಹೋಗಿ ಅರ್ಧ ಗಂಟೆಯೂ ಆಗಿರಲಿಲ್ಲ. "ಒಂದು ತಾಸು ಮುಂಚೆ ತಂದಿದ್ರೆ ಈಗ ನನ್ನ ವಾರ್ಡಿನಲ್ಲಿ ಗಂಜಿ ಕುಡೀತಾ ಮಲಗಿರ್ತಿದ್ದ. ಡಬ್ಬಿ ಹಿಡಿದ ಕೈ ಬಿಡಿಸೋಕೆ ನಮಗೆ ಸಾಕಾಯ್ತು ಇನ್‌ಸ್ಪೆಕ್ಟರೇ."

ಇಲ್ಲಿಯವರೆಗೂ ಇನ್‌ಸ್ಪೆಕ್ಟರಿಗೆ ಇದು ಒಬ್ಬ ಹೆಂಡತಿಯ ಸಮಾಧಾನಕ್ಕೆ ಮಾಡುವ ಕೆಲಸವಾಗಿತ್ತು. ಆ ಮಾತಿನ ನಂತರ ಹಾಗೆ ಉಳಿಯಲಿಲ್ಲ. ಠಾಣೆಗೆ ಬಂದವರೇ ಅಸಹಜ ಸಾವಿನ ಕಡತ ಮುಚ್ಚಿಟ್ಟು ಎಫ್‌ಐಆರ್ ದಾಖಲಿಸಿದರು. ಆರೋಪಿ ಎಂಬ ಕಡೆ ‘ತಿಳಿದುಬಂದಿಲ್ಲ’ ಎಂದು ಬರೆದರು. ಮನಸ್ಸಿನಲ್ಲಿ ಮಾತ್ರ ಒಂದು ಮುಖ ಆಗಲೇ ಬಂದು ಕೂತಿತ್ತು. ತನ್ನ ಡಬ್ಬಿಯನ್ನು ಇನ್ನೊಬ್ಬನ ಮೈಗೆ ಕಟ್ಟಿ ನೀರಿಗೆ ಕಳಿಸಿದ ಮನುಷ್ಯನ ಮೇಲೆ ಯಾರಿಗಾದರೂ ಅನುಮಾನ ಬಂದೇ ಬರುತ್ತದೆ.

ಯಜಮಾನ ಐವತ್ತು ದಾಟಿದ ಗಟ್ಟಿ ಆಳು. ದೋಣಿಯನ್ನು ದಡಕ್ಕೆ ಎಳೆದು ಅದರ ಹೊಟ್ಟೆಯ ಪಾಚಿ ಕೆರೆಯುತ್ತಿದ್ದವನು ಪೊಲೀಸರನ್ನು ಕಂಡು ಕೆರೆಯುವುದು ನಿಲ್ಲಿಸಿದ. ಇನ್‌ಸ್ಪೆಕ್ಟರು ನೀರಿಗೆ ಬೆನ್ನು ಮಾಡಿ ನಿಂತುಕೊಂಡರು.

"ಡಬ್ಬಿ ನಿಮ್ಮದು. ಅವನ ಮೈಮೇಲೆ ಯಾಕಿತ್ತು?"

"ನಾನೇ ಕಟ್ಟಿದ್ದು."

"ನಿಯಮದಲ್ಲಿ ಹಾಗೆ ಮಾಡೋ ಹಾಗಿಲ್ಲ. ಯಾರ ಹೆಸರಿನದ್ದೋ ಅವರೇ ಹಾಕ್ಕೋಬೇಕು."

"ಗೊತ್ತು. ಹೊಸಬರಿಗೆ ಅವರ ಡಬ್ಬಿ ಬರೋಕೆ ನಾಲ್ಕು ತಿಂಗಳು ಮಾಡ್ತಾರೆ. ಅಲ್ಲೀತನಕ ನನ್ನದು ಕಟ್ತೀನಿ."

"ನಿಮಗೆ?"

"ನನಗೆ ಇಲ್ಲ."

"ಯಾಕೆ?"

"ಅಭ್ಯಾಸ" ಎಂದು ಯಜಮಾನ ಮತ್ತೆ ಕೆರೆಯಲು ಹತ್ತಿದ. ಹೊಸಬ ಬಿದ್ದದ್ದು ಗೊತ್ತಾದ ಕೂಡಲೇ ಏನು ಮಾಡಿದಿರಿ ಎಂದು ಕೇಳಿದ್ದಕ್ಕೆ ನೇರವಾಗಿ ಉತ್ತರ ಕೊಟ್ಟ. ಮುಂದೆ ಚುಕ್ಕಾಣಿ ಹಿಡಿದಿದ್ದವನನ್ನು ಬಿಟ್ಟರೆ ಎಲ್ಲರೂ ಮಲಗಿದ್ದರು. ಎದ್ದು ಲೆಕ್ಕ ಹಾಕಿದಾಗ ಒಬ್ಬ ಕಡಿಮೆ. ದೋಣಿ ತಿರುಗಿಸಿದೆ, ಬಂದರು ಕಚೇರಿಗೆ ವಯರ್‌ಲೆಸ್ಸಿನಲ್ಲಿ ಹೇಳಿದೆ. ಆಗ ಎಂಟೂಮುಕ್ಕಾಲು. "ನನ್ನ ಡಬ್ಬಿ ಅವನ ಮೈಮೇಲಿದೆ, ಇಷ್ಟೊತ್ತಿಗೆ ಕೇಂದ್ರದವರು ಹೊರಟಿರ್ತಾರೆ ಅಂತ ನನಗೆ ಧೈರ್ಯ ಇತ್ತು. ಎಲ್ಲಿ ತಡ ಆಯ್ತೋ ಗೊತ್ತಿಲ್ಲ ಸಾರ್." ಹೇಳುವಾಗ ಕಣ್ಣು ಎಲ್ಲೋ ಇತ್ತು. ಇವನು ಏನನ್ನೋ ನುಂಗಿಕೊಂಡಿದ್ದಾನೆ ಎಂದು ಇನ್‌ಸ್ಪೆಕ್ಟರಿಗೆ ಅನ್ನಿಸಿತು. ಅನ್ನಿಸಿದ್ದು ಸರಿಯಾಗಿಯೇ ಇತ್ತು, ಕಾರಣ ಮಾತ್ರ ತಪ್ಪಾಗಿತ್ತು.

ರಕ್ಷಣಾ ಕೇಂದ್ರ ಗುಡ್ಡದ ಮೇಲಿತ್ತು. ಮರುದಿನ ಬೆಳಿಗ್ಗೆ ಇಬ್ಬರೂ ಹೋದಾಗ ಅಲ್ಲಿನ ಅಧಿಕಾರಿ ಇಸ್ತ್ರಿ ಮುರಿಯದ ಸಮವಸ್ತ್ರದಲ್ಲಿ ಎದ್ದು ಕೈಕುಲುಕಿದರು. ಕೋಣೆಯ ತುಂಬ ಪರದೆಗಳು, ಪರದೆಯ ತುಂಬ ನೀಲಿ. ಇನ್‌ಸ್ಪೆಕ್ಟರು ಪರದೆಗಳಿಗೂ ಬೆನ್ನು ಮಾಡಿ ಕುರ್ಚಿ ಎಳೆದುಕೊಂಡರು.

"ಸಿಗ್ನಲ್ ಬಂದದ್ದು ಎಷ್ಟು ಗಂಟೆಗೆ?"

"ಆರೂ ಇಪ್ಪತ್ತಕ್ಕೆ."

"ಹೆಲಿಕಾಪ್ಟರ್ ಎದ್ದದ್ದು?"

ಅಧಿಕಾರಿ ಟೈ ಸರಿಮಾಡಿಕೊಂಡರು. "ಎಂಟು ಐವತ್ತೈದು."

"ನಡುವೆ ಏನು ಮಾಡ್ತಿದ್ರಿ? ಸ್ನಾನಕ್ಕೆ ಹೋಗಿದ್ರಾ?"

"ನೋಡಿ, ಹತ್ತು ಸಿಗ್ನಲ್ ಬಂದ್ರೆ ಅದರಲ್ಲಿ ಎಂಟೊಂಬತ್ತು ಸುಳ್ಳು. ಯಾರೋ ಅದರ ಮೇಲೆ ಕೂತಿರ್ತಾರೆ, ಯಾರೋ ಒಗೆಯೋ ಬಟ್ಟೆ ಜೊತೆ ಹಾಕಿರ್ತಾರೆ. ಅದಕ್ಕೇ ಮೊದಲು ಫೋನ್ ಮಾಡಿ ವಿಚಾರಿಸ್ತೀವಿ. ಈ ಬಂದರಿನ ಎಲ್ಲಾ ಬೀಕನ್‌ಗಳಿಗೂ ಕೊಟ್ಟಿರೋದು ಒಂದೇ ನಂಬರು, ಬಂದರು ಕಚೇರೀದು. ಫೋನ್ ಮಾಡಿದ್ವಿ. ಸುಳ್ಳು ಕರೆ ಅಂದ್ರು. ನಿಲ್ಲಿಸಿದ್ವಿ."

"ದೋಣಿಗೆ ವಯರ್‌ಲೆಸ್ ಮಾಡಿ ಕೇಳಬಹುದಿತ್ತಲ್ಲ?"

"ಮುಂಚೆ ದೋಣಿಯವರನ್ನೇ ಕೇಳ್ತಿದ್ವಿ. ಮೂರು ವರ್ಷದ ಹಿಂದೆ ಒಂದು ಅನಾಹುತ ಆಯ್ತು. ಆಮೇಲೆ ದೋಣಿಯವರ ಮಾತು ನಂಬೋದು ಬೇಡ, ದಡದವರನ್ನ ಕೇಳಿ ಅಂತ ಆದೇಶ ಬಂತು." ಅಧಿಕಾರಿ ದನಿ ತಗ್ಗಿಸಿದರು. "ನಾವು ಮೇಲಿನವರಿಗೆ ವರದಿ ಕಳಿಸಿದೀವಿ."

"ಪೊಲೀಸರಿಗೆ ಯಾಕೆ ಹೇಳಲಿಲ್ಲ?"

"ಅದು ಪದ್ಧತಿಯಲ್ಲಿ ಇಲ್ಲ."

ಇನ್‌ಸ್ಪೆಕ್ಟರಿಗೆ ಮೈ ಉರಿಯಿತು. ಧ್ವನಿಮುದ್ರಣ ಕೇಳಿಸಿ ಎಂದರು.

ಮೊದಲ ಮುದ್ರಣದಲ್ಲಿ ಕೇಂದ್ರದ ಸಿಬ್ಬಂದಿ ಬೀಕನ್ನಿನ ನಂಬರ್ ಹೇಳಿ, ಯಜಮಾನನ ಹೆಸರು ಹೇಳಿ, ಅವರು ಸಮುದ್ರದಲ್ಲಿದ್ದಾರಾ ಎಂದು ಕೇಳುತ್ತಾನೆ. ಆ ಕಡೆ ಬಹಳ ಹೊತ್ತು ಉಸಿರಿನ ಸದ್ದು ಬಿಟ್ಟು ಇನ್ನೇನೂ ಇಲ್ಲ. ಆಮೇಲೆ ಒಂದು ಹೆಣ್ಣುದನಿ, ನಿಧಾನವಾಗಿ: "ಅದು ಸುಳ್ಳು ಸಾರ್. ಅವರು ರಾತ್ರೀನೇ ಬೇರೆ ದೋಣೀಲಿ ವಾಪಸ್ ಬಂದ್ರು. ಡಬ್ಬಿ ನೀರಿಗೆ ಬಿತ್ತು ಅಂತಿದ್ರು. ಯಾರನ್ನೂ ಕಳಿಸೋದು ಬೇಡ." ಖಾತ್ರಿಯೇ ಎಂದು ಸಿಬ್ಬಂದಿ ಕೇಳಿದ್ದಕ್ಕೆ, "ನಾನೇ ಕಣ್ಣಾರೆ ನೋಡಿದೀನಿ."

ಎರಡನೆಯದು ಎಂಟೂಮುಕ್ಕಾಲು ಕಳೆದ ಮೇಲೆ ಬಂದ ಕರೆ. ಅದೇ ದನಿ, ಆದರೆ ಗುರುತು ಸಿಗದಷ್ಟು ಒಡೆದದ್ದು. "ಬೇಗ ಹೋಗಿ ಸಾರ್, ಅದು ಸುಳ್ಳಲ್ಲ, ಅಲ್ಲೊಬ್ಬ ಮನುಷ್ಯ ಇದ್ದಾನೆ. ನನ್ನನ್ನ ಆಮೇಲೆ ಏನು ಬೇಕಾದ್ರೂ ಮಾಡ್ಕೊಳ್ಳಿ, ಮೊದಲು ಹೋಗಿ..."

ಉದ್ದಣ್ಣ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದ.

"ಯಾರು?" ಎಂದರು ಇನ್‌ಸ್ಪೆಕ್ಟರು.

"ಫೋನಕ್ಕ ಸಾರ್." ಅವನು ಪರದೆಯಿಂದ ಮುಖ ತಿರುಗಿಸಿದ. "ನಮ್ಮ ಫೋನಕ್ಕ."

ಬಂದರು ಕಚೇರಿಯಲ್ಲಿ ಫೋನು, ವಯರ್‌ಲೆಸ್ಸು, ಮೈಕು ಮೂರನ್ನೂ ನೋಡಿಕೊಳ್ಳುವ ಹೆಂಗಸನ್ನು ಊರು ಕರೆಯುತ್ತಿದ್ದುದೇ ಹಾಗೆ. ಗಾಳಿ ಹೆಚ್ಚಾದರೆ ಹೇಳುವವಳು ಅವಳು, ದೋಣಿ ಹೊರಟರೆ, ಬಂದರೆ ಧ್ವನಿವರ್ಧಕದಲ್ಲಿ ಕೂಗುವವಳು ಅವಳು. ಗಂಡ ಬರುವುದು ತಡವಾದರೆ ಹೆಂಗಸರು ಅವಳ ಕಿಟಕಿಗೆ ಬಂದು ನಿಲ್ಲುತ್ತಿದ್ದರು, ಅವಳು ಬೈದು ಮನೆಗೆ ಕಳಿಸುತ್ತಿದ್ದಳು. ಇನ್‌ಸ್ಪೆಕ್ಟರಿಗೂ ದಿನಾ ಸಂಜೆ ಅವಳ ದನಿ ಕೇಳಿ ಗೊತ್ತು.

ಗುಡ್ಡ ಇಳಿಯುವಾಗ ಜೀಪಿನಲ್ಲಿ ಉದ್ದಣ್ಣ ಉಳಿದದ್ದನ್ನು ಹೇಳಿದ. ಮೂರು ವರ್ಷದ ಹಿಂದಿನ ಆ ಅನಾಹುತ ಫೋನಕ್ಕನ ಮಗನದ್ದು. ಒಬ್ಬನೇ ಮಗ, ಇದೇ ಯಜಮಾನನ ದೋಣಿಯಲ್ಲಿ ಆಳಾಗಿದ್ದ. ತಮಾಷೆ ಸ್ವಭಾವ, ಎರಡು ಸಲ ಸುಮ್ಮನೆ ಡಬ್ಬಿ ಒತ್ತಿ ಬೈಸಿಕೊಂಡಿದ್ದ. ಮೂರನೇ ಸಲ ಒತ್ತಿದಾಗ ನಿಜವಾಗಿ ನೀರಿನಲ್ಲಿದ್ದ. ಕೇಂದ್ರದವರು ದೋಣಿಗೆ ವಯರ್‌ಲೆಸ್ ಮಾಡಿ ಕೇಳಿದರು. ಯಜಮಾನ ಕೆಳಗಿಳಿದು ಹಾಸಿಗೆ ನೋಡಲಿಲ್ಲ. "ಮಲಗಿದಾನೆ, ಡಬ್ಬಿ ಜೊತೆ ಆಟ ಆಡಿರ್ತಾನೆ, ಬಿಡಿ" ಅಂದುಬಿಟ್ಟ. ಹೆಣ ಸಿಕ್ಕಿದ್ದು ಎರಡು ದಿನ ಬಿಟ್ಟು. ಆಕಸ್ಮಿಕ ಎಂದು ಕಡತ ಮುಚ್ಚಿತು. ತಾಯಿಗೆ ಅನುಕಂಪದ ಮೇಲೆ ಬಂದರು ಕಚೇರಿಯಲ್ಲಿ ಕೆಲಸ ಕೊಟ್ಟರು. ಇನ್ನು ಮೇಲೆ ದಡಕ್ಕೇ ಫೋನ್ ಬರಲಿ ಎಂದು ಆದೇಶವಾದಾಗ, ಆ ಫೋನಿನ ಮುಂದೆ ಕೂರುತ್ತೇನೆಂದು ಅವಳೇ ಕೇಳಿಕೊಂಡಳು.

"ಈ ಮೂರು ವರ್ಷದಲ್ಲಿ ಅವಳಿಂದ ಎಷ್ಟು ಜನ ಬದುಕಿದಾರೆ ಗೊತ್ತಾ ಸಾರ್? ನನ್ನ ಸ್ವಂತ ಭಾವ ಒಬ್ಬ" ಎಂದ ಉದ್ದಣ್ಣ.

ಇನ್‌ಸ್ಪೆಕ್ಟರು ನೇರ ಕಚೇರಿಗೆ ಹೋಗದೆ ಮತ್ತೆ ಯಜಮಾನನ ಹತ್ತಿರ ಜೀಪು ನಿಲ್ಲಿಸಿದರು.

"ಹೊಸಬರಿಗೆ ನಿಮ್ಮ ಡಬ್ಬಿ ಕಟ್ಟೋ ಅಭ್ಯಾಸ ಯಾವಾಗಿಂದ?"

ಯಜಮಾನ ಕೈಯಲ್ಲಿದ್ದ ಉಳಿ ಕೆಳಗಿಟ್ಟ.

"ಮೂರು ವರ್ಷದಿಂದ."

"ಫೋನಕ್ಕನ ಮಗ ಸತ್ತ ಮೇಲೆ."

"ಹೂಂ."

"ಆಕೆಗೆ ಇದು ಗೊತ್ತಾ?"

"ಯಾವ ಮುಖ ಇಟ್ಕೊಂಡು ಹೇಳಲಿ ಸಾರ್? ದೋಣಿ ಹೊರಡುವಾಗ ಸಹಿ ಮಾಡೋಕೆ ದಿನಾ ಅವಳ ಕಿಟಕಿಗೆ ಹೋಗ್ತೀನಿ. ಇವತ್ತು ಹೇಳ್ತೀನಿ, ನಾಳೆ ಹೇಳ್ತೀನಿ ಅಂದ್ಕೊಂಡು ನೆಲ ನೋಡ್ಕೊಂಡು ಬರ್ತೀನಿ. ನನ್ನ ತಪ್ಪು ಅಂತ ಒಂದು ಮಾತು. ಬಾಯಿಗೇ ಬರಲ್ಲ. ಮಗ ಹೋದವಳ ಮುಂದೆ ನಿಂತು, ನೋಡಮ್ಮ ಈಗ ನನ್ನ ಡಬ್ಬಿ ಬೇರೆಯವರಿಗೆ ಕಟ್ತಿದೀನಿ ಅಂತ ಹೆಚ್ಚುಗಾರಿಕೆ ಕೊಚ್ಚಿಕೊಳ್ಳಲಾ?" ಒಂದು ಕ್ಷಣ ಬಿಟ್ಟು ಅವನ ಮುಖ ಬದಲಾಯಿತು. "ಯಾಕೆ ಸಾರ್? ಅಕ್ಕನ ಸುದ್ದಿ ಯಾಕೆ ಬಂತು?"

ಇನ್‌ಸ್ಪೆಕ್ಟರು ಹೇಳಿದರು. ಯಜಮಾನ ದೋಣಿಗೆ ಒರಗಿದವನು ಹಾಗೇ ಜಾರಿ ನೆಲಕ್ಕೆ ಕೂತ. ಸಂಜೆ ಠಾಣೆಗೆ ಬಂದು ಹೇಳಿಕೆ ಕೊಡಬೇಕು ಎಂದದ್ದು ಅವನಿಗೆ ಕೇಳಿಸಿತೋ ಇಲ್ಲವೋ.

ಮಧ್ಯಾಹ್ನ ಮೂರು ಗಂಟೆಗೆ ಅವರು ಕಚೇರಿ ಮುಟ್ಟಿದಾಗ ಫೋನಕ್ಕ ವಯರ್‌ಲೆಸ್ಸಿನಲ್ಲಿ ಯಾರಿಗೋ ಗಾಳಿಯ ದಿಕ್ಕು ಹೇಳುತ್ತಿದ್ದಳು. ಸಣ್ಣ ಕೋಣೆ, ಒಂದು ಕಿಟಕಿ, ಕಿಟಕಿಯ ತುಂಬ ಸಮುದ್ರ. ಉದ್ದಣ್ಣನನ್ನು ಕಂಡು, "ಏನೋ ಉದ್ದ, ತಲೆ ಹೊಡ್ಕೊಂಡೀಯ, ಬಗ್ಗು" ಎಂದಳು. ಅವನು ಬಾಗಿಲಾಚೆಯೇ ನಿಂತುಕೊಂಡ. ಆಗ ಅವಳು ಇನ್‌ಸ್ಪೆಕ್ಟರ ಮುಖ ನೋಡಿ ಇಯರ್‌ಫೋನ್ ತೆಗೆದಿಟ್ಟಳು.

"ಹತ್ತನೇ ತಾರೀಕು ಬೆಳಿಗ್ಗೆ ಕೇಂದ್ರದಿಂದ ಬಂದ ಫೋನ್ ಎತ್ತಿದ್ದು ನೀವಾ?"

"ಹೌದು."

"ಸುಳ್ಳು ಕರೆ ಅಂದ್ರಿ."

"ತಪ್ಪು ತಿಳ್ಕೊಂಡೆ ಸಾರ್. ಯಜಮಾನ್ರು ವಾಪಸ್ ಬಂದಿದಾರೆ ಅಂತ ಯಾರೋ ಅಂದಿದ್ರು."

"ಯಾರು?"

ಅವಳು ಇಯರ್‌ಫೋನಿನ ತಂತಿ ಸುತ್ತಿಡತೊಡಗಿದಳು.

"ಹಿಂದಿನ ಸಂಜೆ ಅವರ ದೋಣಿ ಹೊರಟಿತು ಅಂತ ಮೈಕಿನಲ್ಲಿ ಹೇಳಿದ್ದು ಯಾರು?"

"ನಾನೇ."

"ವಾಪಸ್ ಬಂದವರನ್ನೂ ನೀವೇ ಹೇಳ್ತೀರಿ. ಆ ರಾತ್ರಿ ಒಂದು ದೋಣಿಯೂ ಬಂದದ್ದು ಹೇಳಿಲ್ಲ. ಊರೆಲ್ಲ ಕೇಳಿಸ್ಕೊಂಡಿದೆ, ನಾನೂ ಕೇಳಿದೀನಿ. ಆಮೇಲೆ ಎಂಟೂಮುಕ್ಕಾಲಿಗೆ ನೀವೇ ಫೋನ್ ಮಾಡಿ, ಹೋಗಿ ಅಂತ ಅತ್ತಿದೀರಿ. ಅಕ್ಕ, ನನ್ನ ಮುಂದೆ ಸುಳ್ಳು ಹೇಳೋಕೆ ನಿಮಗೆ ಬರ್ತಿಲ್ಲ."

ಫೋನಕ್ಕ ಎರಡೂ ಕೈಗಳನ್ನು ಮೇಜಿನ ಮೇಲೆ ಇಟ್ಟಳು.

"ಅವರ ಹೆಸರು ಕೇಳಿಸ್ತು. ಎದೆ ಧಸಕ್ ಅಂತು. ಕಳಿಸಿ ಅನ್ನೋಕೇ ಬಾಯಿ ತೆಗೆದೆ ಸಾರ್, ಆಣೆ ಮಾಡ್ತೀನಿ. ಬಂದದ್ದು ಬೇರೆ ಮಾತು. ಫೋನ್ ಇಟ್ಟ ಮೇಲೂ ಮತ್ತೆ ಮಾಡಬಹುದಿತ್ತು. ಎತ್ತೋದು, ಇಡೋದು, ಎತ್ತೋದು, ಇಡೋದು. ನನ್ನ ಮಗ ಎಷ್ಟು ಹೊತ್ತು ಕಾದ್ನೋ ಇವರೂ ಅಷ್ಟು ಕಾಯ್ಲಿ, ಆಮೇಲೆ ಮಾಡ್ತೀನಿ ಅಂತ ನನಗೆ ನಾನೇ ಹೇಳ್ಕೊಂಡೆ. ಅಷ್ಟರಲ್ಲಿ ವಯರ್‌ಲೆಸ್ಸು ಕೂಗ್ತು." ಅವಳು ವಯರ್‌ಲೆಸ್ಸಿನ ಕಡೆ ನೋಡಿದಳು. "ಯಜಮಾನ್ರದ್ದೇ ದನಿ. ಹೊಸಬ ಬಿದ್ದಿದಾನಕ್ಕ, ನನ್ನ ಡಬ್ಬಿ ಅವನ ಮೈಮೇಲಿದೆ, ಹೆದರಬೇಡ, ಅವರು ಹೊರಟಿರ್ತಾರೆ ಅಂತ ನನಗೇ ಸಮಾಧಾನ ಹೇಳಿದ್ರು."

ಇನ್‌ಸ್ಪೆಕ್ಟರು ಹೇಳಬೇಕೋ ಬೇಡವೋ ಎಂದು ತೂಗಿ ನೋಡಿದರು. ಕೋರ್ಟಿನಲ್ಲಿ ಹೇಗೂ ಹೊರಗೆ ಬೀಳುವ ಮಾತು. ಅಲ್ಲಿ ವಕೀಲರ ಬಾಯಲ್ಲಿ ಕೇಳುವುದಕ್ಕಿಂತ ಇಲ್ಲಿ ಕೇಳುವುದು ಮೇಲು ಅನ್ನಿಸಿತು.

"ಆ ಡಬ್ಬಿ ಅವನ ಮೈಮೇಲೆ ಯಾಕಿತ್ತು ಗೊತ್ತಾ?"

"ಇಲ್ಲ."

"ನಿಮ್ಮ ಮಗ ಹೋದಾಗಿನಿಂದ ಯಜಮಾನ್ರು ತಮ್ಮ ಮೈಮೇಲೆ ಡಬ್ಬಿ ಕಟ್ಕೊಂಡಿಲ್ಲ. ಯಾರು ಹೊಸದಾಗಿ ಬರ್ತಾರೋ ಅವರಿಗೆ ಕಟ್ತಾರೆ."

ಅವಳು ಅಳಲಿಲ್ಲ. ಅತ್ತಿದ್ದರೆ ಇನ್‌ಸ್ಪೆಕ್ಟರಿಗೆ ಎಷ್ಟೋ ಹಗುರವಾಗುತ್ತಿತ್ತು. ಕಿಟಕಿಯ ಕಡೆ ನೋಡುತ್ತ, "ಒಂದು ಮಾತು ಹೇಳಬಾರದಿತ್ತಾ" ಎಂದಳು. "ಮೂರು ವರ್ಷ ಈ ಕಿಟಕಿಗೆ ಬಂದ್ರು. ಒಂದು ದಿನ ತಲೆ ಎತ್ತಿ, ನನ್ನ ತಪ್ಪು ಕಣಕ್ಕ ಅಂದಿದ್ರೆ ನಾನು ಅವರಿಗೆ ಬೈದು, ಅತ್ತು, ಸುಮ್ಮನಾಗ್ತಿದ್ದೆ. ಇವರಿಗೆ ನೆನಪೂ ಇಲ್ಲ ಅಂದ್ಕೊಂಡೆ. ನನ್ನ ಮಗ ಇವರಿಗೆ ಲೆಕ್ಕಕ್ಕೇ ಇಲ್ಲ ಅಂದ್ಕೊಂಡೆ."

ಬಂಧಿಸುತ್ತಿರುವುದಾಗಿ ಇನ್‌ಸ್ಪೆಕ್ಟರು ಹೇಳಿದರು. ಕೊಲ್ಲಬೇಕೆಂದಿದ್ದು ಒಬ್ಬನನ್ನು, ಸತ್ತದ್ದು ಇನ್ನೊಬ್ಬ ಎಂಬುದರಿಂದ ಕಾನೂನಿಗೆ ಏನೂ ವ್ಯತ್ಯಾಸವಿಲ್ಲ ಎಂದೂ ಹೇಳಿದರು. ಅವಳು ತಲೆಯಾಡಿಸಿದಳು, ಆದರೆ ಕುರ್ಚಿಯಿಂದ ಏಳಲಿಲ್ಲ.

"ಹೊರಗೆ ಹದಿನೇಳು ದೋಣಿ ಇದೆ ಸಾರ್. ಇಲ್ಲಿ ಯಾರು ಕೂರ್ತಾರೆ?"

ಬೇರೆ ಸಿಬ್ಬಂದಿ ಬರುವವರೆಗೆ ಉದ್ದಣ್ಣ ಕೂರಬೇಕಾಯಿತು. ಫೋನಕ್ಕ ಪಕ್ಕದಲ್ಲಿ ನಿಂತು ಅವನಿಗೆ ಒಂದೊಂದೇ ತೋರಿಸಿದಳು: ಇದು ಕೇಂದ್ರದ ಫೋನು, ಇದು ವಯರ್‌ಲೆಸ್ಸು, ಇದನ್ನು ತಿರುಗಿಸಿದರೆ ಮೈಕು. ಫೋನಿನ ಮೊದಲ ರಿಂಗಿಗೇ ಎತ್ತಬೇಕು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಬೇಕು, ಹೆಲಿಕಾಪ್ಟರ್ ಕಳಿಸಿ ಅನ್ನಬೇಕು. ಉದ್ದಣ್ಣ ತಲೆ ಬಗ್ಗಿಸಿಕೊಂಡು ಎಲ್ಲದಕ್ಕೂ ಆಯ್ತಕ್ಕ, ಆಯ್ತಕ್ಕ ಎನ್ನುತ್ತಿದ್ದ. ಅವನ ಕಣ್ಣೀರು ಮೇಜಿನ ಮೇಲೆ ತೊಟ್ಟಿಕ್ಕುತ್ತಿತ್ತು. ಅವಳು ತನ್ನ ಸೆರಗಿನಿಂದಲೇ ಅದನ್ನು ಒರೆಸಿ ಹೊರಗೆ ಬಂದಳು.

ಠಾಣೆಯ ಹಜಾರದಲ್ಲಿ ಹೇಳಿಕೆಗೆ ಸಹಿ ಹಾಕಲು ಯಜಮಾನ ಬಂದು ಕೂತಿದ್ದ. ಬೆಂಚಿನ ಇನ್ನೊಂದು ತುದಿಯಲ್ಲಿ ಹೊಸಬನ ಹೆಂಡತಿ. ಅವಳನ್ನು ಆ ಹೊತ್ತಿಗೆ ಕರೆಸಿದ್ದು ಇನ್‌ಸ್ಪೆಕ್ಟರ ತಪ್ಪು. ಮೂವರ ಹೇಳಿಕೆಯನ್ನೂ ಒಂದೇ ಸಂಜೆ ಮುಗಿಸಿಬಿಡೋಣ ಎಂದುಕೊಂಡಿದ್ದರು. ಯಜಮಾನ ಅವಳಿಗೆ ಆಗಲೇ ಎಲ್ಲ ಹೇಳಿದ್ದ.

ಫೋನಕ್ಕ ಒಳಗೆ ಬಂದಾಗ ಅವನು ಎದ್ದು ನಿಂತ. "ಅಕ್ಕ" ಎಂದ. "ಅವತ್ತು ನಾನು ಕೆಳಗಿಳಿದು ನೋಡಬೇಕಿತ್ತು. ನನ್ನ ತಪ್ಪು."

ಮೂರು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಇಷ್ಟು ಸಲೀಸಾಗಿ ಬಂದಿತ್ತು. ಇನ್ನು ಅದರಿಂದ ಯಾರಿಗೂ ಏನೂ ಆಗಬೇಕಾಗಿರಲಿಲ್ಲ. ಫೋನಕ್ಕ ಕೇಳಿಸಿಕೊಂಡಳು, ಅವನನ್ನು ದಾಟಿ ಹೋಗಿ ಬೇಕರಿಯ ಹೆಂಗಸಿನ ಮುಂದೆ ನಿಂತಳು. ಅದೇ ಮಾತನ್ನು ಈಗ ಅವಳು ಹೇಳಬೇಕಿತ್ತು. ಬಾಯಿ ತೆರೆದಳು. ತುಟಿ ಅಲುಗಾಡಿತು, ದನಿ ಬರಲಿಲ್ಲ. ಮತ್ತೆ ಪ್ರಯತ್ನಿಸಿದಳು. ಊರಿಗೆಲ್ಲ ಕೇಳಿಸುವಂತೆ ಕೂಗುತ್ತಿದ್ದ ಹೆಂಗಸು ಒಂದು ಮೊಳ ದೂರದಲ್ಲಿದ್ದವಳಿಗೆ ಒಂದು ಮಾತು ಹೇಳಲಾರದೆ ನೆಲ ನೋಡತೊಡಗಿದಳು.

ಬೇಕರಿಯ ಹೆಂಗಸು ಅವಳನ್ನು ದಿಟ್ಟಿಸಿ ನೋಡುತ್ತಲೇ ಇದ್ದಳು. ಬೈಯಲಿಲ್ಲ, ಕೈ ಎತ್ತಲಿಲ್ಲ.

"ಫೋನ್ ಬಂದದ್ದು ನಿಮಗೇ ಅಲ್ವಾ?" ಎಂದು ಕೇಳಿದಳು. "ನೀವೇ ಹೇಳಿ. ಅವನು ಸರಿಯಾಗಿ ಒತ್ತಿದ್ನಾ?"

ಫೋನಕ್ಕ ತಲೆ ಎತ್ತಿದಳು.

"ಸರಿಯಾಗಿ ಒತ್ತಿದ್ದ ಕಣಮ್ಮ" ಎಂದಳು. "ಬಿದ್ದ ಕೂಡಲೇ ಒತ್ತಿದಾನೆ. ಒಂದು ಸಲಕ್ಕೇ ಕೇಳಿಸ್ತು."

ಹೆಂಗಸು ಕಣ್ಣು ಮುಚ್ಚಿಕೊಂಡಳು. ಆಮೇಲೆ ಎದ್ದು, ಮಾವನಿಗೆ ಹೇಳಬೇಕು ಎಂದು, ಹೇಳಿಕೆಗೆ ಸಹಿಯನ್ನೂ ಹಾಕದೆ ಹೊರಟುಹೋದಳು. ಇನ್‌ಸ್ಪೆಕ್ಟರು ಅವಳನ್ನು ತಡೆಯಲಿಲ್ಲ.